ತುಫೂಲಳ ನೂರಮೂವತ್ತು ದಿನ

ಒಮಾನಿನ ಸಲಾಲಾದ ನಮ್ಮ ಬೀದಿಯಲ್ಲಿ ಯಾವ ಧೂಪ ಯಾರ ಮನೆಯದು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಪಕ್ಕದ ಮನೆಯ ತುಫೂಲ್ ಹಾಕುತ್ತಿದ್ದ ಧೂಪದ ಮುಂದೆ ನಮ್ಮದೆಲ್ಲ ಬರೀ ಹೊಗೆ. ಹಸಿರು ಛಾಯೆಯ ಲುಬಾನ್ ಅಂಟಿನ ನಾಲ್ಕು ಹರಳು, ಊದ್ ಮರದ ಒಂದು ಚೂರು, ಅಷ್ಟೇ. ಅಂಗಡಿಯ ಪುಡಿಯನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಗಂಡ ಬಖೀತನ ಬಿಳಿ ನಿಲುವಂಗಿಯನ್ನು ಮರದ ಚೌಕಟ್ಟಿನ ಮೇಲೆ ಹರಡಿ, ಪರಿಮಳ ಹಿಡಿಯಲೆಂದು ಕೆಳಗೆ ಧೂಪ ಹಾಕಿದ ಕೆಂಡದ ಬಟ್ಟಲು ಇಡುತ್ತಿದ್ದಳು.

ಹೋದ ಮಳೆಗಾಲ, ಮಂಜು ಕವಿದ ಘಾಟಿಯಲ್ಲಿ ಬಖೀತನ ನೀರಿನ ಟ್ಯಾಂಕರ್ ಉರುಳಿತು. ತುಫೂಲಳಿಗೆ ಆಗ ಮೂವತ್ತೆಂಟು. ನಮ್ಮಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಸುಗಂಧ ಮುಟ್ಟಬಾರದು. ಮನೆ ನೋಡಿಕೊಳ್ಳಲು ನಾದಿನಿ ಶೈಖಾ ಬಂದು ನಿಂತಳು.

ತಿಂಗಳು ತುಂಬುವ ಮೊದಲೇ ಶೈಖಾ ಬೀರುವಿನಲ್ಲಿದ್ದ ಬಖೀತನ ಬಟ್ಟೆಗಳನ್ನೆಲ್ಲ ಒಗೆಯಲು ಹಾಕಿದಳು. ತುಫೂಲ್ ಓಡಿ ಬರುವಷ್ಟರಲ್ಲಿ ಮಷಿನ್ ತಿರುಗುತ್ತಿತ್ತು.

"ಅಕ್ಕಾ, ಅವೆಲ್ಲ ಒಗೆದದ್ದೇ ಇದ್ವಲ್ಲ!"

"ಹೊಗೆ ವಾಸನೆ ಇತ್ತು ಕಣೇ. ದಾನ ಕೊಡೋ ಬಟ್ಟೆ ಶುಭ್ರವಾಗಿರಬೇಡ್ವಾ?"

ಶೈಖಾಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದಕ್ಕೇ ಜಗಳ ಆಡಲೂ ಆಗಲಿಲ್ಲ. ಮಷಿನ್ ನಿಲ್ಲುವ ತನಕ ತುಫೂಲ್ ಅದರೆದುರೇ ಕೂತಿದ್ದಳಂತೆ.

ಆಮೇಲೆ ಸಂಜೆಗಳೇ ಅವಳಿಗೆ ಶಿಕ್ಷೆಯಾದವು. ಎಲ್ಲ ಮನೆಗಳ ಧೂಪವೂ ಒಳಗೆ ನುಗ್ಗುತ್ತಿತ್ತು. ಕಿಟಕಿ ಹಾಕಿದರೆ ಉಸಿರು ಕಟ್ಟುತ್ತಿತ್ತು. ತೆರೆದರೆ ಇನ್ನೂ ಕಷ್ಟ. ನಾನು ನಮ್ಮ ಮನೆಯಲ್ಲಿ ಧೂಪ ನಿಲ್ಲಿಸಿದ್ದು ಅವಳಿಗೆ ತಿಳಿಯಿತು. "ನೀನೂ ನಿಲ್ಲಿಸಬೇಡ ಮಾರಾಯ್ತಿ, ಬೀದಿಗೆ ಬೀದಿಯೇ ಸತ್ತ ಹಾಗಿರುತ್ತೆ" ಅಂದಳು.

ತೊಂಬತ್ತೊಂದನೇ ದಿನ ಮಧ್ಯಾಹ್ನ, ಶೈಖಾ ಮೀನು ತರಲು ಹೋಗಿದ್ದಾಗ, ತುಫೂಲ್ ಒಂದೇ ಒಂದು ಹರಳನ್ನು ಕೆಂಡಕ್ಕೆ ಹಾಕಿದಳು. ಏನನ್ನಾದರೂ ಮುಚ್ಚಿಡಬಹುದು, ಧೂಪವನ್ನು ಮುಚ್ಚಿಡಲು ಆಗುತ್ತದೆಯೇ? ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ನುಸ್ರಾ ಗೋಡೆ ಸವರುತ್ತಾ ಬಂದೇ ಬಿಟ್ಟಳು.

"ನೀನೇ ಅಲ್ವೇನೇ?"

"ತಪ್ಪಾಯ್ತು ಅತ್ತೆ. ಅವರ ಅಂಗಿಗಳಲ್ಲಿ ಏನೂ ಉಳಿದಿಲ್ಲ. ಮೂಗೇ ಸತ್ತುಹೋಯ್ತೇನೋ ಅಂತ..."

ಮುದುಕಿ ಪಕ್ಕದಲ್ಲೇ ಕುಸಿದು ಕೂತಳು. "ಮಗ ಹೋದ್ರೆ ತಾಯಿಗೆ ದುಃಖಕ್ಕೆ ಮೂರೇ ದಿನ. ನಾಲ್ಕನೇ ದಿನ ನಂಗೆ ಧೂಪ ಹಿಡಿದು, ಎದ್ದು ಹೊರಗೆ ಬಾ ಅಂದ್ರು. ನಿಂಗಾದ್ರೂ ಬಾಗಿಲು ಹಾಕ್ಕೊಂಡು ಅಳೋಕೆ ಬಿಟ್ಟಿದಾರೆ."

ಅಷ್ಟರಲ್ಲಿ ಶೈಖಾ ಬಂದಳು. "ಏನಿದು ಅನ್ಯಾಯ! ಯಾರು ಹಾಕಿದ್ದು?"

"ನಾನೇ ಹಾಕಿಸ್ದೆ. ಮಂಡಿ ನೋವು" ಅಂದಳು ಮುದುಕಿ.

"ಮಂಡಿಗೆ ಲುಬಾನ್ ನೆನೆಸಿದ ನೀರು ಕುಡೀತಾರಮ್ಮ, ಹೊಗೆ ಹಾಕ್ಕೊಳಲ್ಲ."

"ಹಾಗಾದ್ರೆ ನೀರೂ ತಾ, ಕುಡೀತೀನಿ."

ಶೈಖಾ ತುಫೂಲಳ ಕೆಂಪು ಕಣ್ಣು ನೋಡಿದಳು. ಮೀನಿನ ಚೀಲ ಕೆಳಗಿಟ್ಟು, ಹೋಗಿ ಕಿಟಕಿ ತೆರೆದಳು.

ಅವಧಿ ಮುಗಿದ ದಿನ ಹೆಂಗಸರೆಲ್ಲ ಸೇರಿ ಅವಳಿಗೆ ಸ್ನಾನ ಮಾಡಿಸಿ, ಕೂದಲಿಗೆ ಧೂಪ ಹಿಡಿದೆವು. ಬಾಗಿಲು ತೆರೆದಿತ್ತು. ಹೊಸಿಲ ತನಕ ಬಂದವಳು ಅಲ್ಲೇ ನಿಂತಳು. "ಎಲ್ಲಿಗೆ ಅಂತ ಹೋಗಲೇ?" ಅಂದು ಒಳಗೆ ತಿರುಗಿದಳು. ಇನ್ನೂ ಹನ್ನೊಂದು ದಿನ ಹಾಗೇ ಕೂತಳು. ಈಗ ತಡೆಯುವವರು ಯಾರೂ ಇರಲಿಲ್ಲ; ಅದೇ ನೋಡಲಾಗುತ್ತಿರಲಿಲ್ಲ.

ಹನ್ನೆರಡನೇ ದಿನ ನುಸ್ರಾ ತಲೆವಸ್ತ್ರ ಹೊದ್ದು ಅಂಗಳದಲ್ಲಿ ನಿಂತು ಕೂಗಿದಳು. "ಕಣ್ಣಿನ ಆಸ್ಪತ್ರೆಗೆ ಹೋಗ್ಬೇಕು. ಕೈ ಹಿಡಿಯೋರು ಯಾರೇ?"

"ಶೈಖಾ ಅಕ್ಕ ಇದಾರಲ್ಲ."

"ಅವಳು ದರದರ ಎಳ್ಕೊಂಡು ಹೋಗ್ತಾಳೆ. ನೀನು ಬಾ."

ತುಫೂಲ್ ಚಪ್ಪಲಿ ಹುಡುಕಿ ಹೊರಟಳು.

ಶಸ್ತ್ರಚಿಕಿತ್ಸೆಯಾಗಿ ಮುದುಕಿಗೆ ಒಂದು ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದರೂ ವಾರಕ್ಕೊಮ್ಮೆ ಅತ್ತೆ ಸೊಸೆ ಆಸ್ಪತ್ರೆ ಅಂತ ಹೇಳಿ ಹೊರಡುತ್ತಾರೆ, ಸಮುದ್ರದ ಕಡೆಗೆ. ಡಾಕ್ಟರ್ ಏನಂದರು ಅಂತ ಶೈಖಾ ಕೇಳುವುದನ್ನು ಬಿಟ್ಟಿದ್ದಾಳೆ.