ಓರೆ ಕಟ್ಟಿದ ಗೋಡೆ

ಗಾರೆ ಕೆಲಸದ ಆ ಮನೆಯಲ್ಲಿ ಅಣ್ಣನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ತಮ್ಮನನ್ನು ಓರೆ ಎನ್ನುತ್ತಿದ್ದರು. ಚಿಕ್ಕಂದಿನ ಜ್ವರದಲ್ಲಿ ತಮ್ಮನ ಎಡಗಿವಿ ಹೋಗಿತ್ತು, ಬಲಗಿವಿಯೂ ಅಷ್ಟಕ್ಕಷ್ಟೇ. ಅದನ್ನೇ ಮಾತಿನ ಕಡೆ ತಿರುಗಿಸಿ ತಿರುಗಿಸಿ ಕತ್ತು ವಾಲಿತು, ಅವನು ಕಟ್ಟಿದ ಗೋಡೆಗಳೂ ವಾಲಿದವು. "ನಿನ್ನ ಗೋಡೆ ನೋಡೋಕೆ ಜನ ಕತ್ತು ಬಾಗಿಸ್ಬೇಕು ಕಣೋ" ಎಂದು ಅಣ್ಣ ರೇಗಿಸಿದರೆ, "ಹಾಗಾದ್ರೂ ತಲೆ ಬಾಗಿಸ್ಲಿ ಬಿಡು" ಎನ್ನುವ ಆಸಾಮಿ.

ಯುದ್ಧ ಶುರುವಾದಾಗ ಸೈನ್ಯಕ್ಕೆ ತಲೆಗಳು ಬೇಕಿದ್ದವು. ಕಿವಿ ನೋಡುವ ಪುರುಸೊತ್ತು ಯಾರಿಗಿತ್ತು? ಬಸುರಿ ಹೆಂಡತಿಗೆಂದು ಹಿತ್ತಿಲಲ್ಲಿ ಎಬ್ಬಿಸುತ್ತಿದ್ದ ಕೋಣೆಯ ಗೋಡೆಯನ್ನು ಎದೆಮಟ್ಟಕ್ಕೆ ಬಿಟ್ಟು ತಮ್ಮ ಸೈನ್ಯಕ್ಕೆ ಹೋದ. ತಿರುಗಿ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ. ತೆರೆಯಬೇಡಿ ಎಂದರು. ಪೆಟ್ಟಿಗೆಯ ಜೊತೆ ಬಂದ ಸಿಪಾಯಿ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, "ಮಲಕ್ಕೋ ಮಲಕ್ಕೋ ಅಂತ ಎಲ್ರೂ ಕಿರುಚಿದ್ವಿ ಅಣ್ಣ. ಅವನೊಬ್ಬ ನಿಂತೇ ಇದ್ದ" ಎಂದ.

ಅಂದಿನಿಂದ ಮೇಸ್ತ್ರಿ ಬೀದಿಯಲ್ಲಿ ಯಾರು ಕೂಗಿದರೂ ಬೆಚ್ಚಿ, ಕೇಳಿಸದೆ ನಿಂತವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ಹುಡುಕುತ್ತಿದ್ದ.

ತಮ್ಮನ ಹೆಂಡತಿ ಎಳೆಗೂಸನ್ನು ಕಟ್ಟಿಕೊಂಡು ಒಲೆಯ ಪಕ್ಕದಲ್ಲೇ ಮಲಗುತ್ತಿದ್ದಳು. ಹೊಗೆಗೆ ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಕೋಣೆ ಆಗಲೇಬೇಕಿತ್ತು. ತಮ್ಮನ ಅರ್ಧ ಗೋಡೆ ಎಷ್ಟು ವಾಲಿದೆ ಎಂದು ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ನೋಡಿದ. ಆ ಗೋಡೆ ಸೂರು ಹೊರುವಂಥದ್ದಲ್ಲ.

"ಕೆಡವ್ತೀಯಾ? ಅವನು ಮುಟ್ಟಿದ್ದು ಅಂತ ಉಳಿದಿರೋದು ಇದೊಂದೇ ಕಣೋ" ಎಂದು ತಾಯಿ ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು.

"ಅತ್ತೆ, ಅವರ ಮಗೂನೂ ಉಳಿದಿದೆ" ಎಂದಳು ಸೊಸೆ.

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದಳು.

ಗೋಡೆ ಕೆಡಹುವ ಮುನ್ನ ಆಚೆ ಬದಿಯವರಿಗೆ ಕೂಗಿ ಹೇಳುವುದು ಕಸುಬಿನ ಕ್ರಮ. "ಆಚೆ ಸರೀರಿ!" ಎಂದು ಕೂಗಿ ಮೇಸ್ತ್ರಿ ಸುತ್ತಿಗೆ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದ. ಸುತ್ತಿಗೆ ಕೆಳಗಿಟ್ಟು, ಗೋಡೆ ಸುತ್ತಿ ಆಚೆಗೆ ಹೋದ. ಒಂದು ಮುರುಕು ಬಕೆಟ್ಟು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಈಚೆಗೆ ಬಂದು ಮತ್ತೆ ಸುತ್ತಿಗೆ ಎತ್ತಿದ. ಮತ್ತೆ ಇಟ್ಟು, ಮತ್ತೆ ಹೋಗಿ ನೋಡಿದ.

"ಯಾರೂ ಇಲ್ಲ ಭಾವ. ಕೂಗಿದ್ರಲ್ಲ" ಎಂದಳು ತಮ್ಮನ ಹೆಂಡತಿ, ಮಗುವನ್ನು ಹೆಗಲಿಗೆ ಹಾಕಿಕೊಂಡು.

"ಕೂಗಿದೆ ಕಣಮ್ಮ. ಅವನಿಗೆ ಕೇಳ್ಸಲ್ವಲ್ಲ."

ಅವಳು ಎರಡೂ ಬದಿ ಕಾಣುವಂತೆ ಗೋಡೆಯ ತುದಿಯಾಚೆ ಹೋಗಿ ನಿಂತಳು.

"ನಾನು ನೋಡ್ತಿರ್ತೀನಿ. ನೀವು ಹೊಡೀರಿ" ಎಂದಳು.

ಮೇಸ್ತ್ರಿ ಅಳುತ್ತಲೇ ಹೊಡೆದ.