ತೊಗರಿ ಹೊಲದ ಮಿಡತೆ

...‘ಅಲುಗಾಡದ್ದು ಕಣ್ಣಿಗೆ ಬೀಳೋದಿಲ್ಲ’ ಅಂದಿದ್ದರೋ, ‘ಹೆದರಿದ್ದು ಅಲುಗಾಡೋದಿಲ್ಲ’ ಅಂದಿದ್ದರೋ, ನಮ್ಮ ವಿಜ್ಞಾನದ ಮಾಸ್ತರ ಮಾತು ಸರಿಯಾಗಿ ನೆನಪಿಲ್ಲ. ಇವತ್ತು ಹಸಿ ತೊಗರಿಕಾಯಿ ಸುಲಿಯುವಾಗ ಬೆರಳಿಗಂಟಿದ ವಾಸನೆಗೆ ತೆಲಂಗಾಣ ಗಡಿಯ ನಮ್ಮೂರು ಮನೂರಿನ ಆ ಹೊಲ ಎದುರಿಗೆ ಬಂತು.

ಆಂಧ್ರದಿಂದ ಬೇರೆ ರಾಜ್ಯ ಕೇಳಿದ ತೆಲಂಗಾಣ ಚಳವಳಿಯ ಮೊದಲ ಸುತ್ತು. ಮಾಸ್ತರು ಆಂಧ್ರದವರು; ಏಟು ತಿನ್ನಲು ಆಗ ಅಷ್ಟೇ ಸಾಕಿತ್ತು. ಬಂದ್ ಆಗಿ ಶಾಲೆಗೆ ಬೀಗ ಬಿದ್ದರೂ ನಮ್ಮನ್ನು ತೊಗರಿ ಹೊಲಕ್ಕೆ ಕರೆದೊಯ್ದು, ಹಸಿರು ಮಿಡತೆ ಹುಡುಕಲು ಹೇಳಿದರು. ಯಾರಿಗೂ ಕಾಣಲಿಲ್ಲ.

ಬದುವಿನ ಕಡೆಯಿಂದ ಗಂಡಸರ ದನಿ ಬಂತು. ‘ಆಂಧ್ರ ಮಾಸ್ತರ ಎಲ್ಲಿ ಹೋಗ್ಯಾನ?’

ಮಾಸ್ತರು ಗಿಡಗಳ ನಡುವೆ ಕುಸಿದು ಕೂತರು, ನಾವೂ ಕೂತೆವು. ಅವರ ಕೈಯ ಭೂತಗನ್ನಡಿ ನಡುಗಿ ಎಲೆಗಳ ಮೇಲೆ ಬೆಳಕು ಕುಣಿಯಿತು. ನಾನು ಅದರ ಮೇಲೆ ಅಂಗೈ ಮುಚ್ಚಿದೆ.

ಹೊಲ ಕಾಯುತ್ತಿದ್ದ ಶರಣಮ್ಮ ಆ ಗಂಡಸರಿಗೆ, ‘ಮಾಸ್ತರ ಇಲ್ಲಿ ಯಾಕ ಬರ್ತಾನ್ರಿ? ಒಳಗ ಮರಿ ಹಾಕಿದ ಹಂದಿ ಅದ. ಧೈರ್ಯ ಇದ್ರ ಹೊಕ್ಕು ನೋಡ್ರಿ’ ಅಂದಳು. ಅವರು ನಗುತ್ತ ಹೋದರು.

ಆಗಲೇ ನನಗೆ ಮಿಡತೆ ಕಂಡಿದ್ದು, ಮೂಗಿನಿಂದ ಒಂದು ಗೇಣು ದೂರದಲ್ಲಿ, ಉಸಿರಿಲ್ಲದಂತೆ.

ಮರುದಿನದಿಂದ ಮಾಸ್ತರು ಬರಲಿಲ್ಲ.

ಈಗ ಅದೇ ಚಳವಳಿಗೆ ಮತ್ತೆ ಬಂದ್. ಮೊಮ್ಮಗಳು ಪುಸ್ತಕದ ಚಿತ್ರದಲ್ಲಿ ಮಿಡತೆಯ ಕಾಲು ಎಣಿಸುತ್ತಿದ್ದಾಳೆ. ಅವಳನ್ನು ಹೊಲಕ್ಕೆ ಕರೆದೊಯ್ಯುವ ಧೈರ್ಯ ನನಗಿಲ್ಲ. ನಿಮಗೆ ಅವತ್ತು ಎಲ್ಲಿಂದ ಬಂತು, ಮಾಸ್ತರೇ?