ಬಿಟ್ಟುಹೋದ ಚಿತ್ರ

ಉರಿಗಾಂನಲ್ಲಿ ನಮ್ಮ ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹೆಂಗಸು ಟೈಪ್ ಮಾಡುತ್ತಿದ್ದರು. ನಾನು ಬಂಗಾರಪೇಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು. ನಾನು ಕಳಿಸುತ್ತಿದ್ದ ನೋಟ್ಸ್ ಬರೀ ಫೋಟೊಗಳಾದ್ದರಿಂದ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಅವಳ ಫೋನು ಅವನ್ನು ಓದಿ ಹೇಳುತ್ತಿರಲಿಲ್ಲ. ಅದಕ್ಕೇ ಎಲ್ಲವನ್ನೂ ಅವರಿಂದ ಟೈಪ್ ಮಾಡಿಸುತ್ತಿದ್ದೆ.

ಒಂದೊಂದು ಪುಟ ಮುಗಿದಾಗಲೂ ಅವರು ಕೈಕಟ್ಟಿ, ಕಣ್ಣು ಮುಚ್ಚಿ, ತಮ್ಮ ಫೋನಿನಲ್ಲಿ ಅದನ್ನು ಓದಿಸಿ ಪೂರ್ತಿ ಕೇಳುತ್ತಿದ್ದರು. "ಕೇಳಿದ್ರೇನೇ ತಪ್ಪು ಗೊತ್ತಾಗೋದು ಸಾರ್" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ, ಬೇಡಿಕೆ ರೇಖೆಯ ಚಿತ್ರ ಬಂದಾಗ ಅವರ ಕೈ ನಿಂತಿತು.

"ಇದ್ರಾಗೆ ಏನೈತೆ ಅಂತ ನಾಕು ಸಾಲು ಬರ್ಕೊಡಿ ಸಾರ್. ಇಲ್ಲಾಂದ್ರೆ ಆ ಉಡ್ಗೀಗೆ ಎಂಗೆ ಗೊತ್ತಾಗ್ತದೆ?"

ನನಗೆ ಬಸ್ಸಿಗೆ ಹೊತ್ತಾಗಿತ್ತು. "ಬಿಟ್ಬಿಡಿ ಅಮ್ಮ, ಪರೀಕ್ಷೆಗೆ ಬರಲ್ಲ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಪುಟ ತಿರುಗಿಸಿದರು.

ಪರೀಕ್ಷೆಯಲ್ಲಿ ಆ ಚಿತ್ರದ ಮೇಲೆಯೇ ದೊಡ್ಡ ಪ್ರಶ್ನೆ ಬಂತು. ಹುಡುಗಿ ಹೊರಗೆ ಬಂದು ನನ್ನನ್ನು ಕೇಳಿದಳು: "ನೋಟ್ಸೆಲ್ಲಾ ಎರಡೆರಡು ಸಲ ಕೇಳಿದ್ದೆ ಸಾ, ಅದು ಇರ್ಲೇ ಇಲ್ಲ. ಟೈಪ್ ಮಾಡೋ ಅಕ್ಕ ಮರ್ತವ್ರಾ?"

"ಇರಬಹುದಮ್ಮ" ಎಂದುಬಿಟ್ಟೆ.

ಈಗಲೂ ಆ ಅಂಗಡಿ ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ.